ನಮ್ದಾ ಕಂಬಳಿಯಲ್ಲ

ನಮ್ದಾವನ್ನು ಕಂಬಳಿ ಎಂದು ಕರೆಯುವುದನ್ನು ಕನ್ನಡದ ಬರಹಗಾರರು ನಿಲ್ಲಿಸಬೇಕು. ಕಾಶ್ಮೀರಕ್ಕೆ ಹೋಗಿ ಬಂದವರ ಪ್ರವಾಸಕಥನಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ, ಹೊರನಾಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಚಿನಾರ್ ಮರಕ್ಕೆ ಒಂದು ಪುಟ ಸಿಗುತ್ತದೆ, ದಾಲ್ ಸರೋವರಕ್ಕೆ ಎರಡು ಪುಟ ಸಿಗುತ್ತದೆ, ಶಿಕಾರಾದಲ್ಲಿ ಕುಳಿತ ಲೇಖಕರ ಛಾಯಾಚಿತ್ರವೂ ಸಿಗುತ್ತದೆ. ಅವರು ಊಟಕ್ಕೆ ಕುಳಿತ ಹಾಸಿಗೆ ಮಾತ್ರ ದೊರೆಯುವುದು ನಾಲ್ಕೇ ಪದ: ಸುಂದರವಾದ ಕಸೂತಿಯ ಉಣ್ಣೆ ಕಂಬಳಿ. ಈ ನಾಲ್ಕರಲ್ಲಿ ಎರಡು ತಪ್ಪು. ಅದು ಕಂಬಳಿಯಲ್ಲ, ಅದರ ಮೇಲಿರುವುದು ಕಸೂತಿಯೂ ಅಲ್ಲ.

ಪದಗಳ ವಿಷಯದಲ್ಲಿ ಇಷ್ಟು ಹಟ ಏಕೆಂದು ಕೇಳುವವರಿದ್ದಾರೆ. ಹೆಸರು ತಪ್ಪಿದ ಕಡೆ ಬೆಲೆಯೂ ತಪ್ಪುತ್ತದೆ ಎಂಬುದೇ ನಮ್ಮ ಉತ್ತರ. ಕಂಬಳಿಯೆಂದು ತಿಳಿದು ಕೊಳ್ಳುವವರು ಕಂಬಳಿಯ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಚೌಕಾಸಿಗೆ ಇಳಿಯುತ್ತಾರೆ. ಕಸೂತಿಯೆಂದು ತಿಳಿದವರು ಇದರ ಹೊಲಿಗೆ ನಮ್ಮ ಧಾರವಾಡದ್ದರಷ್ಟು ನಯವಿಲ್ಲವೆಂದು ಮೂಗು ಮುರಿಯುತ್ತಾರೆ. ಒಂದು ವಸ್ತು ಹೇಗೆ ಆಯಿತೆಂದು ತಿಳಿಯದವರು ಅದಕ್ಕೆ ಕಟ್ಟುವ ಬೆಲೆ ಊಹೆಯ ಬೆಲೆ. ಆ ಊಹೆಯ ನಷ್ಟವನ್ನು ಹೊರುವವರು ಶ್ರೀನಗರದ ಗಲ್ಲಿಯೊಂದರಲ್ಲಿ ಒದ್ದೆ ಉಣ್ಣೆಯ ಮುಂದೆ ಮಂಡಿಯೂರಿದವರು.

ಕಂಬಳಿ ನೇಯ್ದದ್ದು. ನಮ್ಮ ಕುರುಬರ ಮನೆಗಳಲ್ಲಿ ಹೆಣ್ಣುಮಕ್ಕಳು ದಖನಿ ಕುರಿಯ ಉಣ್ಣೆ ಹಿಂಜಿ ನೂಲು ತೆಗೆಯುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಬಳಿದು ಬಿಗಿ ಕೊಡುತ್ತಾರೆ. ಆಮೇಲೆ ಗುಂಡಿಮಗ್ಗದಲ್ಲಿ ಹಾಸಿನ ನಡುವೆ ಹೊಕ್ಕು ಹಾಯುತ್ತದೆ. ಹಾಸೂ ಹೊಕ್ಕೂ ಇಲ್ಲದೆ ಕಂಬಳಿಯಿಲ್ಲ. ನಮ್ದಾದಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ, ಮಗ್ಗವಿಲ್ಲ, ನೂಲೇ ಇಲ್ಲ. ಕುರಿಯ ಮೈಯಿಂದ ಇಳಿದ ಉಣ್ಣೆ ನೂಲಾಗುವ ಹಂತವನ್ನೇ ದಾಟದೆ ನೇರವಾಗಿ ಬಟ್ಟೆಯಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಫೆಲ್ಟ್ ಎನ್ನುತ್ತಾರೆ. ಕನ್ನಡಕ್ಕೆ ಪದ ಬೇಕೇಬೇಕೆಂದರೆ ಒತ್ತುಣ್ಣೆ ಎನ್ನಬಹುದೇನೋ. ನಮಗಂತೂ ನಮ್ದಾ ಎಂಬುದೇ ಸಾಕು: ಸಂಸ್ಕೃತದಲ್ಲಿ ನಮತ, ಪಾರಸಿಯಲ್ಲಿ ನಮದ್ ಎಂದು ಸಾಕಷ್ಟು ಹಳೆಯ ಮನೆತನದ ಪದವೇ ಅದು.

ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೇಲೆ ಸಣ್ಣ ಸಣ್ಣ ಹುರುಪೆಗಳು ಕಾಣುತ್ತವೆ, ಮಾಡಿಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಬಿಸಿ, ಒದ್ದೆ, ಸಾಬೂನು ಮೂರೂ ಸೇರಿದಾಗ ಈ ಹುರುಪೆಗಳು ಸಡಿಲವಾಗಿ ಎದ್ದು ನಿಲ್ಲುತ್ತವೆ. ಮೇಲಿನಿಂದ ಒತ್ತಿ ಉಜ್ಜಿದಾಗ ಒಂದೆಳೆಯ ಹುರುಪೆ ಇನ್ನೊಂದೆಳೆಯದಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡದ್ದು ಮತ್ತೆ ಬಿಡುವುದಿಲ್ಲ. ದೆಹಲಿಯ ಚಳಿಗಾಲದಲ್ಲಿ ಉಣ್ಣೆಯ ಸ್ವೆಟರನ್ನು ಬಿಸಿನೀರಿನ ವಾಷಿಂಗ್ ಮಷೀನಿಗೆ ಹಾಕಿ, ಅಪ್ಪನದನ್ನು ಮಗುವಿನ ಅಳತೆಗೆ ಇಳಿಸಿಕೊಂಡ ಮನೆಗಳಿಗೆ ಈ ವಿಜ್ಞಾನ ಗೊತ್ತಿದೆ. ಅಲ್ಲಿ ಅವಘಡವಾಗಿ ನಡೆದದ್ದನ್ನು ನಮ್ದಾಸಾಜ್, ಅಂದರೆ ನಮ್ದಾ ಮಾಡುವವನು, ಬೇಕೆಂದೇ, ಅಳತೆಗೆ ತಕ್ಕಂತೆ, ಅಂಚು ಓರೆಯಾಗದಂತೆ ಮಾಡುತ್ತಾನೆ.

ಮಾಡುವ ಬಗೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇವೆ, ಏಕೆಂದರೆ ನಮ್ಮ ಜಗಳದ ಅರ್ಧ ಭಾಗ ಇದರಲ್ಲಿದೆ. ಉಣ್ಣೆಯನ್ನು ತೊಳೆದು ಒಣಗಿಸಿ ಕಸಕಡ್ಡಿ ಆರಿಸಬೇಕು. ಆಮೇಲೆ ಹಿಂಜಬೇಕು: ಗಂಟು ಬಿಡಿಸಿ, ಮೋಡದಂತೆ ಹಗುರವಾಗಿ ಅರಳಿಸಬೇಕು. ಹಿಂದೆ ಇದು ಬಿಲ್ಲಿನ ಕೆಲಸವಾಗಿತ್ತು. ಗುಜರಾತಿನ ಕಚ್ಛ್‌ನಲ್ಲೂ ನಮ್ದಾ ಉಂಟು, ಅಲ್ಲಿ ಅದನ್ನು ಮಾಡುವವರ ಹೆಸರು ಪಿಂಜಾರರು. ಉತ್ತರ ಕರ್ನಾಟಕದಲ್ಲಿ ಹತ್ತಿ ಹಿಂಜಿ ಗಾದಿ ತುಂಬುವವರಿಗೂ ಅದೇ ಹೆಸರು ಎಂಬುದನ್ನು ಓದುಗರು ನೆನೆಯಬಹುದು. ಹಿಂಜಿದ ಉಣ್ಣೆಯನ್ನು ನೆಲಕ್ಕೆ ಹಾಸಿದ ಚಾಪೆಯ ಮೇಲೆ ಪದರ ಪದರವಾಗಿ ಹರಡುತ್ತಾರೆ. ನೋಡುವವರಿಗೆ ಸುಲಭವಾಗಿ ಕಾಣುವ, ಮಾಡುವವರನ್ನು ಸೋಲಿಸುವ ಹಂತವಿದು. ಎಲ್ಲೆಡೆ ಒಂದೇ ದಪ್ಪ ಬರಬೇಕು. ಒಂದು ಕಡೆ ತೆಳುವಾದರೆ ಆ ಜಾಗ ಕೆಲವು ವರ್ಷಗಳಲ್ಲಿ ತೂತಾಗುತ್ತದೆ, ದಪ್ಪವಾದರೆ ಗುಬುಟಾಗಿ ಉಳಿಯುತ್ತದೆ. ಅಳೆಯಲು ಯಾವ ಸಾಧನವೂ ಇಲ್ಲ, ಅಂಗೈಯೇ ಅಳತೆ. ಪ್ರತಿ ಪದರದ ಮೇಲೂ ಸಾಬೂನು ನೀರು ಚಿಮುಕಿಸಿ ಒತ್ತುತ್ತಾರೆ. ಬಳಿಕ ಚಾಪೆಯ ಸಮೇತ ಸುರುಳಿ ಸುತ್ತಿ, ಹಗ್ಗದಿಂದ ಬಿಗಿದು, ಕಾಲಿನಿಂದ ಉರುಳಿಸುತ್ತಾರೆ. ಮುಂಗೈಯ ಬಲ ಹಾಕಿ ಉರುಳಿಸುತ್ತಾರೆ. ಬಿಚ್ಚಿ, ಅಂಚು ಸರಿಪಡಿಸಿ, ಮತ್ತೆ ನೀರು ಚಿಮುಕಿಸಿ, ಮತ್ತೆ ಸುತ್ತಿ ಉರುಳಿಸುತ್ತಾರೆ. ಉಣ್ಣೆ ಕುಗ್ಗಿ, ಬಿಗಿಯಾಗಿ, ಎಳೆದರೂ ಎಳೆ ಬಿಡದಂತೆ ಆಗುವವರೆಗೆ ಇದೇ. ಕೊನೆಗೆ ಸಾಬೂನು ಹೋಗುವಂತೆ ತೊಳೆದು ಬಿಸಿಲಿಗೆ ಹಾಕುತ್ತಾರೆ. ಕಾಶ್ಮೀರದಲ್ಲಿ ಬಿಸಿಲೂ ವರ್ಷವಿಡೀ ಸಿಗುವ ಸರಕಲ್ಲ.

ಇದನ್ನೆಲ್ಲ ಓದಿ ಎಂಥ ಧ್ಯಾನಸ್ಥ ಕಾಯಕ ಎನ್ನುವವರಿಗೆ ನಮ್ಮದೊಂದು ವಿನಂತಿ. ಹಿಂಜುವಾಗ ಏಳುವ ದೂಳು ಎದೆಗೆ ಹೋಗುತ್ತದೆ, ತಣ್ಣೀರಿನಲ್ಲಿ ಬೆರಳು ಮರಗಟ್ಟುತ್ತವೆ, ಮಂಡಿ ಮತ್ತು ಸೊಂಟ ಉರುಳಿಸುವ ಕೆಲಸಕ್ಕೆ ತೆರಿಗೆ ಕಟ್ಟುತ್ತವೆ. ಧ್ಯಾನ ಎಂಬ ಪದವನ್ನು ಉಪಯೋಗಿಸುವ ಮೊದಲು ಅವರು ಕೂಲಿ ಎಂಬ ಪದವನ್ನೂ ಒಮ್ಮೆ ಉಪಯೋಗಿಸಿ ನೋಡಲಿ.

ಒಣಗಿದ ಬಿಳಿಯ ಹಾಸು ಅಲ್ಲಿಂದ ಬೇರೆ ಕೈಗೆ ಹೋಗುತ್ತದೆ. ನಕ್ಷೆ ಬರೆಯುವ ನಕ್ಕಾಶ್ ಬಳ್ಳಿ, ಹೂ, ಚಿನಾರ್ ಎಲೆಗಳ ರೇಖೆಯನ್ನು ಅದರ ಮೇಲೆ ಇಳಿಸುತ್ತಾನೆ. ಆಮೇಲೆ ಹೊಲಿಗೆಯವರು, ಅವರಲ್ಲಿ ಅನೇಕರು ಮನೆಯಲ್ಲೇ ಕುಳಿತು ಮಾಡುವ ಹೆಂಗಸರು, ಆರಿ ಎಂಬ ಕೊಕ್ಕೆಮೊನೆಯ ಸಾಧನದಿಂದ ಬಣ್ಣದ ನೂಲನ್ನು ತುಂಬುತ್ತಾರೆ. ಆರಿ ಎಂದರೆ ನಮ್ಮ ಓದುಗರಿಗೆ ಹೊಸತಲ್ಲ. ಈಗ ಮದುವೆಯ ರವಿಕೆಗಳಿಗೆ ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಆರಿ ವರ್ಕ್ ಮಾಡಿಕೊಡುವ ಅಂಗಡಿಗಳಿವೆ. ನೂಲು ಬಟ್ಟೆಯ ಕೆಳಗಿರುತ್ತದೆ. ಮೇಲಿನಿಂದ ಚುಚ್ಚಿದ ಕೊಕ್ಕೆ ಅದನ್ನು ಕುಣಿಕೆಯಾಗಿ ಮೇಲೆತ್ತುತ್ತದೆ. ಆ ಕುಣಿಕೆಯೊಳಗಿಂದಲೇ ಮುಂದಿನ ಕುಣಿಕೆ ಏಳುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. ರೇಖೆಯಾದ ಮೇಲೆ ಅದರ ಒಳಗನ್ನು ಸುತ್ತು ಸುತ್ತಾಗಿ ಸರಪಳಿಯಿಂದಲೇ ತುಂಬುತ್ತಾರೆ.

ಕಸೂತಿಯ ಧರ್ಮವೇ ಬೇರೆ. ಕಸೂತಿ ಎಣಿಕೆಯ ಕಲೆ: ಇಳಕಲ್ ಸೀರೆಯ ಹಾಸುಹೊಕ್ಕಿನ ಎಳೆಗಳನ್ನು ಎಣಿಸಿ, ಗಂಟು ಹಾಕದೆ ಸೂಜಿ ಓಡಿಸಿದಾಗ ಗವಂತಿಯೂ ಮುರ್ಗಿಯೂ ಎರಡು ಬದಿಗೂ ಒಂದೇ ರೂಪದಲ್ಲಿ ಮೂಡುತ್ತವೆ. ನಮ್ದಾದಲ್ಲಿ ಎಣಿಸಲು ಎಳೆಯೇ ಇಲ್ಲ. ಅಲ್ಲಿ ಕೈ ಎಣಿಸುವುದಿಲ್ಲ, ರೇಖೆಯನ್ನು ಹಿಂಬಾಲಿಸುತ್ತದೆ. ಆದ್ದರಿಂದಲೇ ಅಲ್ಲಿನ ಬಳ್ಳಿ ಬಳುಕುತ್ತದೆ, ನಮ್ಮ ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಸೂತಿಯ ಕಣ್ಣಿನಿಂದ ನಮ್ದಾವನ್ನು ಒರಟು ಎನ್ನುವುದು, ಕಂದಪದ್ಯದ ಲೆಕ್ಕದಲ್ಲಿ ತ್ರಿಪದಿಗೆ ಒಂದು ಸಾಲು ಕಡಿಮೆಯಾಯಿತು ಎಂದಂತೆ.

ನಮ್ದಾದ ಜೊತೆಗೆ ಅಂಗಡಿಯವರು ತೋರಿಸುವ ಇನ್ನೆರಡು ಹಾಸುಗಳನ್ನೂ ಬೇರ್ಪಡಿಸಿ ತಿಳಿಯಬೇಕು. ಹಳೆಯ ಉಣ್ಣೆ ಹೊದಿಕೆಗಳನ್ನು ತೊಳೆದು, ಬಣ್ಣ ಹಾಕಿ, ತುಂಡುಗಳನ್ನು ಜೋಡಿಸಿ, ಮೇಲೆ ಹೊಲಿಗೆ ಹಾಕಿದ್ದು ಗಬ್ಬಾ. ಅನಂತನಾಗ್ ಅದಕ್ಕೆ ಹೆಸರಾದ ಊರು. ನಮ್ಮ ಕೌದಿಯ ಬುದ್ಧಿಯೇ ಅದರದ್ದು ಕೂಡ. ಸೆಣಬಿನ ಬಟ್ಟೆಯ ಮೇಲೆ ಒಂದಿಂಚೂ ಬಿಡದೆ ಸರಪಳಿ ಹೊಲಿಗೆ ತುಂಬಿದ್ದು ಇನ್ನೊಂದು. ಅದರಲ್ಲಿ ಹೊಲಿಗೆಯೇ ಹಾಸು. ಮೂರಕ್ಕೂ ಮೂರು ಬಗೆಯ ದುಡಿಮೆ, ಮೂರು ಬಗೆಯ ಬೆಲೆ. ನಮ್ಮ ಬರಹಗಳಲ್ಲಿ ಮೂರೂ ಕಾಶ್ಮೀರಿ ಕಂಬಳಿಯೇ.

ಇನ್ನು ಅಕ್ಬರನ ಕಥೆ. ಬಾದಶಹನ ಕುದುರೆಗೆ ಚಳಿಯಾಯಿತಂತೆ, ನುಬಿ ಎಂಬ ಚತುರನೊಬ್ಬ ಉಣ್ಣೆಯ ಹೊದಿಕೆ ಮಾಡಿಕೊಟ್ಟನಂತೆ, ಅವನ ಹೆಸರಿನಿಂದಲೇ ನಮ್ದಾ ಬಂತಂತೆ. ಹೇಳುವವರ ಬಾಯಲ್ಲಿ ಚೆನ್ನಾಗಿದೆ. ಆದರೆ ಇದನ್ನು ಚರಿತ್ರೆಯೆಂದು ಅಚ್ಚು ಹಾಕುವ ಲೇಖಕರು ಅಕ್ಬರನಿಗಿಂತ ಎಷ್ಟೋ ಹಿಂದಿನಿಂದ ಇರುವ ಪದವೊಂದಕ್ಕೆ ಅಕ್ಬರನ ಕುದುರೆಲಾಯದಲ್ಲಿ ನಾಮಕರಣ ಮಾಡುತ್ತಾರೆ. ಉಣ್ಣೆಯನ್ನು ಒತ್ತಿ ಹಾಸು ಮಾಡುವ ವಿದ್ಯೆ ಮಧ್ಯ ಏಷ್ಯಾದ ಅಲೆಮಾರಿ ಪಶುಪಾಲಕರ ಬಳಿ ಮೊಗಲರಿಗಿಂತ ಸಾವಿರಾರು ವರ್ಷ ಮೊದಲೇ ಇತ್ತು. ಕುರಿ ಕಾಯುವವರು ಕಂಡುಕೊಂಡದ್ದಕ್ಕೂ ಒಬ್ಬ ದೊರೆಯ ಅಪ್ಪಣೆ ಇರಲೇಬೇಕೆಂಬ ಈ ಹಂಬಲ ನಮಗೆ ಅರ್ಥವಾಗುವುದಿಲ್ಲ.

ನಮ್ಮ ಮುಖ್ಯ ಆಕ್ಷೇಪ ಇರುವುದು ಇನ್ನೊಂದು ಪದಪುಂಜದ ಮೇಲೆ: ಅಳಿವಿನಂಚಿನಲ್ಲಿರುವ ಕಲೆ. ಅಳಿವು ಎಂಬುದು ತಾನಾಗಿ ಬರುವುದು, ಮುಪ್ಪಿನ ಹಾಗೆ. ಅದಕ್ಕೆ ಯಾರೂ ಹೊಣೆಯಲ್ಲ. ಈ ಪದವನ್ನು ಬಳಸಿದ ಕ್ಷಣ ಬರೆಯುವವರಿಗೂ ಓದುವವರಿಗೂ ಒಂದು ಹಿತವಾದ ದುಃಖ ದೊರೆಯುತ್ತದೆ, ಲೆಕ್ಕ ಕೇಳುವ ಕಷ್ಟ ತಪ್ಪುತ್ತದೆ. 1998ರಿಂದ 2008ರ ನಡುವೆ ನಮ್ದಾ ರಫ್ತು ಹೆಚ್ಚುಕಡಿಮೆ ನೂರಕ್ಕೆ ನೂರು ಕುಸಿಯಿತೆಂದು ಕೇಂದ್ರ ಸರ್ಕಾರದ ಪ್ರಕಟಣೆಯೇ ಹೇಳಿತು. ಅದು ಕೊಟ್ಟ ಕಾರಣಗಳು ಮೂರು: ಕಚ್ಚಾವಸ್ತುವಿನ ಕೊರತೆ, ನುರಿತ ಕೈಗಳ ಕೊರತೆ, ಮಾರುಕಟ್ಟೆ ತಂತ್ರದ ಕೊರತೆ. ಮೂರು ಕೊರತೆಗಳ ಈ ಪಟ್ಟಿಯಲ್ಲಿ ಕೂಲಿಯ ಕೊರತೆ ಇಲ್ಲ. ನುರಿತ ಕೈಗಳು ಮಂಜಿನಂತೆ ಕರಗಿ ಹೋದವೇ? ಆ ಕೈಗಳಿಗೆ ಹೊಟ್ಟೆ ಇತ್ತು, ಮಕ್ಕಳಿದ್ದರು. ಹೆಚ್ಚು ಸಿಗುವ ಕೆಲಸಕ್ಕೆ ಹೋದವು.

2021ರಲ್ಲಿ ಕೌಶಲಾಭಿವೃದ್ಧಿ ಸಚಿವಾಲಯ ಆರು ಜಿಲ್ಲೆಗಳ 2,250 ಜನರಿಗೆ ನಮ್ದಾ ಕಲಿಸುವ ಯೋಜನೆ ಹೂಡಿತು. ಒಂದೊಂದು ತರಬೇತಿ ಸುಮಾರು ಮೂರೂವರೆ ತಿಂಗಳದ್ದು. 2023ರಲ್ಲಿ ಬ್ರಿಟನ್ನಿಗೆ ಸರಕು ಹೊರಟಿತು. ಇದನ್ನು ನಾವು ಹೀಗಳೆಯುವುದಿಲ್ಲ. ಶೂನ್ಯಕ್ಕಿಂತ ಇದು ಎಷ್ಟೋ ಮೇಲು, ಕಲಿಯಲು ಬಂದ ಹುಡುಗಿಯರಿಗೆ ಅದು ಮನೆಯಿಂದ ಹೊರಗಿನ ಮೊದಲ ಸಂಪಾದನೆಯೂ ಆಗಿರಬಹುದು. ಆದರೆ ಮೂರೂವರೆ ತಿಂಗಳಲ್ಲಿ ಕೈಗೆ ವಿದ್ಯೆಯ ಪರಿಚಯ ಆಗುತ್ತದೆ, ಅಂಗೈಗೆ ಪದರದ ದಪ್ಪ ತಿಳಿಯುವುದಿಲ್ಲ. ಅದು ತಿಳಿಯುವವರೆಗೆ ಆ ಹುಡುಗಿಯನ್ನು ಅಲ್ಲಿ ಉಳಿಸುವುದು ಪ್ರಮಾಣಪತ್ರವಲ್ಲ. ಪ್ರತಿ ತಿಂಗಳೂ ತಪ್ಪದೆ ಬರುವ, ಬೇರೆ ಕೆಲಸಕ್ಕಿಂತ ಕಡಿಮೆಯಿಲ್ಲದ ಕೂಲಿ. ಅದನ್ನು ಯಾವ ಯೋಜನೆಯೂ ಕೊನೆಯವರೆಗೆ ಕೊಡಲಾರದು. ಕೊಳ್ಳುವವರು ಕೊಡಬೇಕು.

ಯಂತ್ರದ ಮಾತು ಇಲ್ಲಿ ಬಂದೇ ಬರುತ್ತದೆ. ಯಂತ್ರ ಬಂದ ಮೇಲೂ ಕೈಯಲ್ಲಿ ಉರುಳಿಸುವುದು ಹಟವಲ್ಲವೇ ಎಂದು ನಮ್ಮ ಬಳಗದ ಎಂಜಿನಿಯರ್ ಮಿತ್ರರು ಪ್ರತಿ ಚರ್ಚೆಯಲ್ಲೂ ಕೇಳುತ್ತಾರೆ. ನಾವು ಯಂತ್ರದ ವೈರಿಗಳಲ್ಲ. ಹಿಂಜುವ ಯಂತ್ರ ಬಂದು ಒಂದು ಎದೆಯಾದರೂ ದೂಳಿನಿಂದ ಉಳಿದಿದ್ದರೆ ಅದಕ್ಕೆ ನಮಸ್ಕಾರ. ಯಂತ್ರದಲ್ಲಿ ಸರಪಳಿ ಹೊಲಿಗೆ ಹಾಕಿದ ಹಾಸನ್ನು ಯಂತ್ರದ ಹಾಸೆಂದೇ ಮಾರಿದರೆ ನಮ್ಮ ತಕರಾರಿಲ್ಲ, ಬೇಕಾದವರು ಕೊಳ್ಳಲಿ. ತಕರಾರು ಇರುವುದು ಕೈಕೆಲಸದ ಹೆಸರಿನಲ್ಲಿ ಯಂತ್ರದ ಮಾಲನ್ನು, ಉಣ್ಣೆಯ ಹೆಸರಿನಲ್ಲಿ ಅಕ್ರಿಲಿಕ್ ಅನ್ನು ಮಾರುವ ವ್ಯಾಪಾರದ ಮೇಲೆ. ಉಣ್ಣೆಗೆ ಹತ್ತಿ ಬೆರೆಸುವುದೂ ಇದೆ. ಹತ್ತಿಯ ಎಳೆಗೆ ಹುರುಪೆಯಿಲ್ಲ, ಅದು ಉಣ್ಣೆಯಂತೆ ಸಿಕ್ಕಿಕೊಳ್ಳುವುದಿಲ್ಲ. ಹತ್ತಿ ಹೆಚ್ಚಾದಷ್ಟೂ ಹಾಸು ಬೇಗ ಸಡಿಲವಾಗುತ್ತದೆ. ಎರಡು ವರ್ಷದಲ್ಲಿ ಅದು ಎಳೆ ಬಿಟ್ಟಾಗ ಗ್ರಾಹಕರು ಬೈಯುವುದು ಬೆರೆಸಿದವರನ್ನಲ್ಲ, ನಮ್ದಾವನ್ನು. ಸುಳ್ಳು ಮಾಲು ಮಾಡಿದ ಹಾನಿಗೆ ನಿಜವಾದ ಮಾಲು ಮಾಡುವವರು ದಂಡ ಕಟ್ಟುತ್ತಾರೆ.

ಭೌಗೋಳಿಕ ಸೂಚಿಕೆಯ ಮುದ್ರೆ ಇದಕ್ಕೆ ಮದ್ದು ಎನ್ನುವವರು ನಮ್ಮ ಕಸೂತಿಯನ್ನೇ ನೋಡಲಿ. ಕಸೂತಿಗೆ ಆ ಮುದ್ರೆ ಬಂದು ವರ್ಷಗಳಾದವು. ಕಂಪ್ಯೂಟರ್ ಯಂತ್ರ ಹಾಕಿದ ತೇರು, ನವಿಲುಗಳು ಕಸೂತಿ ಸೀರೆ ಎಂಬ ಹೆಸರಿನಲ್ಲಿ ಇಂದಿಗೂ ಮಾರಾಟವಾಗುತ್ತಿವೆ; ಕೊಳ್ಳುವವರಲ್ಲಿ ಕನ್ನಡಿಗರೇ ಹೆಚ್ಚು. ಮುದ್ರೆ ಊರಿನ ಹೆಸರನ್ನು ಕಾಯುತ್ತದೆ, ಅದೂ ಯಾರಾದರೂ ದೂರು ಕೊಟ್ಟಾಗ. ಆ ಊರಿನಲ್ಲಿ ಕುಳಿತ ವ್ಯಕ್ತಿಯ ಹೆಸರನ್ನು ಅದು ಕೇಳುವುದೂ ಇಲ್ಲ.

ಹೆಸರಿನ ಮಾತು ಬಂತು. ಹೊರನಾಡಿನ ನಮ್ಮಂಥ ಬಳಗಗಳಲ್ಲಿ ಅನುವಾದಕರು ಅನೇಕರಿದ್ದಾರೆ. ಮುಖಪುಟದಲ್ಲಿ ಅನುವಾದಕರ ಹೆಸರಿಲ್ಲದ ಪುಸ್ತಕ ಬಂದರೆ ನಾವು ಸಭೆ ಸೇರಿ ಖಂಡಿಸುತ್ತೇವೆ, ಪ್ರಕಾಶಕರಿಗೆ ಪತ್ರ ಬರೆಯುತ್ತೇವೆ, ಸರಿಯಾಗಿಯೇ ಮಾಡುತ್ತೇವೆ. ಒಂದು ನಮ್ದಾದಲ್ಲಿ ಕಡಿಮೆಯೆಂದರೂ ಮೂವರ ಕೈಯಿದೆ: ಉಣ್ಣೆ ಒತ್ತಿದವನು, ನಕ್ಷೆ ಬರೆದವನು, ಹೊಲಿದವಳು. ಜೊತೆಗೆ ಬರುವ ಚೀಟಿಯಲ್ಲಿ ಅಂಗಡಿಯ ಹೆಸರಿರುತ್ತದೆ. ಮೂವರೂ ಅಲಿಖಿತರು, ಅವರ ಕೂಲಿ ಬಿಡಿಬಿಡಿ ಕೆಲಸದ ಲೆಕ್ಕದ್ದು. ಪುಸ್ತಕಕ್ಕೆ ಒಂದು ನ್ಯಾಯ, ಹಾಸಿಗೆ ಇನ್ನೊಂದು ಏಕೆ? ಬರೆದದ್ದು ಬುದ್ಧಿಯ ಕೆಲಸ, ಹೊಲಿದದ್ದು ಕೈಯ ಕೆಲಸ ಎಂಬ ಉತ್ತರ ಯಾರ ನಾಲಗೆಯ ತುದಿಯಲ್ಲಾದರೂ ಇದ್ದರೆ, ಅದು ಎಲ್ಲಿಂದ ಬಂದ ಉತ್ತರವೆಂದು ವಚನಗಳನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ.

ದೂರದ ಕಾಶ್ಮೀರದ ಗೊಡವೆ ಕನ್ನಡಿಗರಿಗೇಕೆ, ಮೊದಲು ನಮ್ಮ ಕಂಬಳಿಯನ್ನು ಉಳಿಸೋಣ ಎನ್ನುವವರೂ ಇದ್ದಾರೆ. ಉಳಿಸಲಿ, ನಾವೂ ಬರುತ್ತೇವೆ. ದಖನಿ ಕುರಿಯ ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟದೆಂದು ಸಾಕುವವರು ಮಾಂಸದ ತಳಿಗಳತ್ತ ತಿರುಗಿದ್ದಾರೆ. ಪಾಣಿಪತ್ತಿನ ಮರುಬಳಕೆ ನೂಲಿನ ಅಗ್ಗದ ಹೊದಿಕೆಗಳು ಹಳ್ಳಿಯ ಸಂತೆಗೂ ಬಂದಿವೆ. ಬೀರೇಶ್ವರನ ಪೂಜೆಗೆ ಕಂಬಳಿ ಬೇಕು, ಗದ್ದುಗೆಗೆ ಕಂಬಳಿ ಬೇಕು, ಮಲಗಲು ಮಾತ್ರ ಯಾರಿಗೂ ಬೇಡ. ಆದರೆ ಇದು ಕಾಶ್ಮೀರದ ಕಥೆಗಿಂತ ಬೇರೆಯೇ? ಒಂದೇ ಕಥೆ ಎರಡು ಭಾಷೆಗಳಲ್ಲಿ ನಡೆಯುತ್ತಿದೆ. ದೆಹಲಿ, ಮುಂಬಯಿ, ಪುಣೆಗಳಲ್ಲಿರುವ ನಮಗೆ ಎರಡನ್ನೂ ಒಟ್ಟಿಗೆ ಕಾಣುವ ಅವಕಾಶವಿದೆ: ಚಳಿಗಾಲದಲ್ಲಿ ಬಾಗಿಲಿಗೆ ಬರುವ ಕಾಶ್ಮೀರಿ ವ್ಯಾಪಾರಿಯ ಗಂಟು ಒಂದು ಕಡೆ, ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲೆ ಕಾಣುವ ಅಜ್ಜನ ಕಂಬಳಿ ಇನ್ನೊಂದು ಕಡೆ. ನಮ್ಮ ಮಾತು ಬಾಗಿಲಿಗೆ ಬಂದವರೊಡನೆ ಚೌಕಾಸಿಯಲ್ಲೇ ಮುಗಿಯುತ್ತದೆ. ಐದು ನೂರು ಇಳಿಸಿದ್ದನ್ನು ಸಾಹಸವೆಂದು ನೆರೆಮನೆಯಲ್ಲಿ ಹೇಳಿಕೊಳ್ಳುವವರು ಆ ಐದು ನೂರು ಯಾರ ಪಾಲಿನಿಂದ ಇಳಿಯಿತೆಂದು ಕೇಳುವುದಿಲ್ಲ. ವ್ಯಾಪಾರಿಯ ಪಾಲಿನಿಂದ ಅದು ಇಳಿಯುವುದು ಅಪರೂಪ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಬೇಡ. ಕೊಳ್ಳುವ ಮೊದಲು ಹಾಸನ್ನು ಮಗುಚಿ ನೋಡಿ: ಮೇಲೆ ಸರಪಳಿ ಕಾಣುವಲ್ಲಿ ಕೆಳಗೆ ಸಣ್ಣ ಹೊಲಿಗೆಯ ಸಾಲು ಕಾಣುತ್ತದೆ, ಕೈಕೆಲಸದಲ್ಲಿ ಆ ಸಾಲು ತಿರುವುಗಳಲ್ಲಿ ಚಿಕ್ಕದಾಗುತ್ತದೆ, ನೇರದಲ್ಲಿ ಉದ್ದವಾಗುತ್ತದೆ, ಯಂತ್ರದ್ದು ಎಲ್ಲೆಡೆ ಒಂದೇ ಅಳತೆ. ಅಂಚಿನ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ: ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ, ಹತ್ತಿ ಕಾಗದದಂತೆ ಉರಿಯುತ್ತದೆ. ಹತ್ತಿ ಎಷ್ಟು ಬೆರೆಸಿದೆ ಎಂದು ನೇರವಾಗಿ ಕೇಳಿ. ಯಾವ ಊರಿನದು, ಒತ್ತಿದವರು ಯಾರು, ಹೊಲಿದವರು ಯಾರು ಎಂದೂ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಮಾರುವವರು ಉತ್ತರ ತಿಳಿದುಕೊಂಡಿರುತ್ತಾರೆ. ಮತ್ತು ಬರೆಯುವಾಗ, ದಯವಿಟ್ಟು, ನಮ್ದಾ ಎಂದೇ ಬರೆಯಿರಿ.

ನಮ್ಮ ಸಂಘಸಂಸ್ಥೆಗಳ ಸನ್ಮಾನಗಳಲ್ಲಿ ಶಾಲು, ಹಾರ, ಪೇಟ, ಫಲತಾಂಬೂಲ ತಪ್ಪುವುದಿಲ್ಲ. ಹೊದಿಸುವ ಶಾಲು ಎಲ್ಲಿಯದು, ಯಾರು ನೇಯ್ದದ್ದು ಎಂದು ಹೊದಿಸಿಕೊಂಡ ಸಾಹಿತಿಗೂ ಗೊತ್ತಿರುವುದಿಲ್ಲ, ಹೊದಿಸಿದ ಅಧ್ಯಕ್ಷರಿಗೂ ಗೊತ್ತಿರುವುದಿಲ್ಲ. ಡಜನ್ ಲೆಕ್ಕದಲ್ಲಿ ಬಂದಿರುತ್ತದೆ. ಈ ವರ್ಷ ನಮ್ಮ ಬಳಗ ಹನ್ನೆರಡು ಶಾಲುಗಳ ಹಣವನ್ನು ಒಂದು ನಮ್ದಾಕ್ಕೆ ಹಾಕಲು ತೀರ್ಮಾನಿಸಿದೆ. ಅದು ವೇದಿಕೆಯ ಮೇಲೆ, ಕವಿಗಳು ಕುಳಿತು ಓದುವ ಜಾಗದಲ್ಲಿ ಹಾಸಿರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಸುರುಳಿ ಸುತ್ತಿ ಬೇವಿನೆಲೆಯೊಂದಿಗೆ ಇಡುತ್ತೇವೆ, ನುಸಿ ತಿನ್ನದಂತೆ. ಆಮಂತ್ರಣ ಪತ್ರಿಕೆಯಲ್ಲಿ ಧ್ವನಿವರ್ಧಕದವರಿಗೂ ಊಟದವರಿಗೂ ಕೃತಜ್ಞತೆ ಹೇಳುವ ಕಡೆ, ಹಾಸಿನವರು ಎಂದು ಮೂರು ಹೆಸರುಗಳಿಗೆ ಜಾಗ ಬಿಟ್ಟಿದ್ದೇವೆ. ಅಚ್ಚಿಗೆ ಹೋಗುವ ದಿನದವರೆಗೆ ಹೆಸರುಗಳು ದೊರೆಯದಿದ್ದರೆ, ಆ ಮೂರು ಸಾಲುಗಳನ್ನು ಖಾಲಿಯಾಗಿಯೇ ಮುದ್ರಿಸುತ್ತೇವೆ.